ಕಾಕಾನ ಹಳೇ ಕಾರು, ದಾನದ ಲೆಕ್ಕ

ಜೇವರ್ಗಿ ರಸ್ತೆಯಿಂದ ಒಳಗೆ ತಿರುಗಿದರೆ ನಮ್ಮ ಕಾಕಾನ ಮನೆ. ಮನೆ ಮುಂದೆ ಬೇವಿನ ಮರ, ಮರದ ಕೆಳಗೆ ಒಂದು ಕಪ್ಪು ಜರ್ಮನ್ ಸೆಡಾನ್. 2011ರಲ್ಲಿ ತಗೊಂಡಿದ್ದು, ಕೆಎ-32 ನಂಬರು, ಮೂರು ಸಾವಿರ ಸಿಸಿ ಡೀಸೆಲ್. ಆಗ ಇಡೀ ಕಾಲೊನಿ ಬಂದು ನೋಡಿಕೊಂಡು ಹೋಗಿತ್ತು. ಈಗ ಗಾಡಿ ಮೇಲೆ ಕವರು, ಕವರ್ ಮೇಲೆ ಬೇವಿನ ಹೂವು, ಹೂವಿನ ಮೇಲೆ ಪಕ್ಕದ ಮನೆ ಬೆಕ್ಕು. ಕಾಕಾಗೆ 72 ವರ್ಷ, ಮೊಣಕಾಲು ನೋವು. ಅಷ್ಟು ತಗ್ಗಿನ ಸೀಟಿನಿಂದ ಏಳೋಕೆ ಆಗಲ್ಲ ಅಂತ ಅವರು ಓಡಾಡೋದೆಲ್ಲ ಆಟೋದಲ್ಲಿ.

ಹೋದ ಬೇಸಿಗೆಯಲ್ಲಿ ಡಲ್ಲಾಸ್‌ನಲ್ಲಿರುವ ಅಳಿಯ ಫೋನಿನಲ್ಲಿ ಒಂದು ಮಾತು ಹೇಳಿದ. "ಮಾಮಾ, ಇಲ್ಲಿ ಎಲ್ಲಾರೂ ಹಳೀ ಗಾಡಿ ಚಾರಿಟಿಗಿ ಕೊಟ್ಬಿಡ್ತಾರ. ಅವರೇ ಬಂದು ಎತ್ಕೊಂಡು ಹೋಗ್ತಾರ, ಟ್ಯಾಕ್ಸ್ ರಸೀದಿನೂ ಕೊಡ್ತಾರ." ಮರುದಿನ ಬೆಳಿಗ್ಗೆ ಏಳಕ್ಕೇ ಕಾಕಾ ನನ್ನನ್ನು ಕರೆಸಿದರು. "ತಮ್ಮಾ, ಮಾರಿದ್ರ ಏನ್ ಸಿಗ್ತದ? ಯಾವುದರ ಆಶ್ರಮಕ್ಕ ಕೊಟ್ಬಿಡಮ್. ಪುಣ್ಯಾನೂ ಬರ್ತದ, ಟ್ಯಾಕ್ಸೂ ಉಳೀತದ."

ನಾನು ಒಂದು ಟ್ಯಾಕ್ಸ್ ಆಫೀಸಿನಲ್ಲಿ ರಿಟರ್ನ್ ತುಂಬೋ ಕೆಲಸ ಮಾಡ್ತೀನಿ. ಹಾಗಾಗಿ ನಮ್ಮ ಮನೆತನಕ್ಕೆಲ್ಲ ನಾನೇ ಸಿಎ. ಸಿಎ ಪಾಸಾಗಿಲ್ಲ ಅಂತ ಎಷ್ಟು ಸಲ ಹೇಳಿದರೂ ಯಾರೂ ಕಿವಿಗೆ ಹಾಕಿಕೊಳ್ಳಲ್ಲ. ಕಾಕಾನ ಗಾಡಿ ಹಿಂದೆ ಬಿದ್ದು ಎರಡು ತಿಂಗಳು ಓಡಾಡಿದ ಮೇಲೆ ನನಗೆ ಗೊತ್ತಾಗಿದ್ದನ್ನ ಇಲ್ಲಿ ಬರೀತಿದ್ದೀನಿ. ಕಲಬುರಗಿ, ಬೀದರ್, ಯಾದಗಿರಿ ಕಡೆ ಇಂಥ ಗಾಡಿಗಳು ಗೇಟಿನ ಒಳಗೆ ಇನ್ನೂ ಬಹಳ ನಿಂತಿವೆ.

ಮೊದಲು ಅಳಿಯ ಹೇಳಿದ್ದು. ಅವನು ಹೇಳಿದ್ದು ಖರೆ, ಆದರೆ ಅಮೆರಿಕಕ್ಕೆ ಖರೆ. ಅಲ್ಲಿ ಫೋನ್ ಮಾಡಿದರೆ ಟೋ ಗಾಡಿ ಬಂದು ಕಾರನ್ನ ಎಳೆದುಕೊಂಡು ಹೋಗುತ್ತೆ, ಬಹಳ ಸಲ ಅದು ನೇರ ಹರಾಜಿಗೇ ಹೋಗುತ್ತೆ, ಹರಾಜಲ್ಲಿ ಬಂದ ದುಡ್ಡು ಸಂಸ್ಥೆಗೆ ಸೇರುತ್ತೆ. ದಾನ ಕೊಟ್ಟವನಿಗೆ 1098-ಸಿ ಅನ್ನೋ ಫಾರ್ಮ್ ಬರುತ್ತೆ. ಮೊದಲು ಜನ ತಮ್ಮ ಗಾಡಿಗೆ ಹಳೇ ಗಾಡಿಗಳ ದರಪುಸ್ತಕದಲ್ಲಿರೋ ಬೆಲೆ ತೋರಿಸಿ ಅಷ್ಟೂ ವಿನಾಯಿತಿ ತಗೊಳ್ತಿದ್ದರು. ಗುಜರಿ ಗಾಡಿಗೂ ಸಾವಿರಾರು ಡಾಲರ್ ಬರೆದುಕೊಂಡವರಿದ್ದರು. ಅದಕ್ಕೇ 2004ರಲ್ಲಿ ಕಾನೂನು ಮಾಡಿ, 2005ರಿಂದ ಜಾರಿಗೆ ತಂದರು: 500 ಡಾಲರ್‌ಗಿಂತ ಜಾಸ್ತಿ ಹೇಳಿಕೊಳ್ಳೋದಾದರೆ, ಸಂಸ್ಥೆ ಆ ಗಾಡಿಯನ್ನ ಎಷ್ಟಕ್ಕೆ ಮಾರಿತೋ ಅಷ್ಟೇ ವಿನಾಯಿತಿ. ಸಂಸ್ಥೆ ಗಾಡಿಯನ್ನ ತಾನೇ ಇಟ್ಟುಕೊಂಡು ಕೆಲಸಕ್ಕೆ ಬಳಸಿದರೆ, ಅಥವಾ ಬಡವರಿಗೆ ಕಡಿಮೆ ಬೆಲೆಗೆ ಕೊಟ್ಟರೆ ಮಾರುಕಟ್ಟೆ ಬೆಲೆಯ ಲೆಕ್ಕ. ಅಂದರೆ ಅಲ್ಲೂ ಬಹಳ ಸಲ ಸಂಸ್ಥೆಯ ಕೈಗೆ ಸೇರೋದು ಗಾಡಿ ಮಾರಿದ ದುಡ್ಡೇ. ಮಾರೋ ತಲೆನೋವನ್ನ ಬೇರೆಯವರು ತಗೊಳ್ತಾರೆ, ಅಷ್ಟೇ.

ನಮ್ಮಲ್ಲಿ ಆ ತಲೆನೋವು ತಗೊಳ್ಳೋಕೆ ಅಂಥ ವ್ಯವಸ್ಥೆ ಬೆಳೆದಿಲ್ಲ. ತೆರಿಗೆ ಕಾನೂನು ಇನ್ನೂ ನೇರ. 1961ರ ಆದಾಯ ತೆರಿಗೆ ಕಾಯ್ದೆಯ 80ಜಿ ಪ್ರಕಾರ ವಿನಾಯಿತಿ ಸಿಗೋದು ದುಡ್ಡಿನ ದಾನಕ್ಕೆ ಮಾತ್ರ. ಅಕ್ಕಿ ಕೊಟ್ಟರೂ ಇಲ್ಲ, ಬಟ್ಟೆ ಕೊಟ್ಟರೂ ಇಲ್ಲ, ಐವತ್ತು ಲಕ್ಷದ ಗಾಡಿ ಕೊಟ್ಟರೂ ಸೊನ್ನೆ. ದುಡ್ಡಲ್ಲೂ 2,000 ರೂಪಾಯಿ ದಾಟಿದರೆ ನಗದು ನಡೆಯಲ್ಲ, ಚೆಕ್ ಅಥವಾ ಆನ್‌ಲೈನ್ ಆಗಬೇಕು. ಹೊಸ ಕಾಯ್ದೆ ಬಂದು ಸೆಕ್ಷನ್ ನಂಬರ್ ಬದಲಾದರೂ ಈ ಮೂಲ ಮಾತು ಅದೇ.

ಹಾಗಾದರೆ ಗಾಡಿ ಮಾರಿ ದುಡ್ಡು ಕೊಟ್ಟರೆ ಎಷ್ಟು ಉಳಿಯುತ್ತೆ? ಎರಡು ಲಕ್ಷಕ್ಕೆ ಮಾರಿ ಅಷ್ಟನ್ನೂ 80ಜಿ ನೋಂದಣಿ ಇರೋ ಟ್ರಸ್ಟಿಗೆ ಚೆಕ್ ಕೊಟ್ಟಿರಿ ಅಂತ ಇಟ್ಟುಕೊಳ್ಳಿ. ಸಾಮಾನ್ಯ ಟ್ರಸ್ಟುಗಳಿಗೆ ಕೊಟ್ಟ ದುಡ್ಡಿನಲ್ಲಿ ಅರ್ಧಕ್ಕೆ ಮಾತ್ರ ವಿನಾಯಿತಿ, ಅದರಲ್ಲೂ ನಿಮ್ಮ ಆದಾಯದ 10% ಒಳಗೆ ಬರೋ ದಾನವನ್ನಷ್ಟೇ ಲೆಕ್ಕಕ್ಕೆ ಹಿಡೀತಾರೆ. ಆದಾಯ 20 ಲಕ್ಷ ಇದ್ದರೆ ಮಿತಿ 2 ಲಕ್ಷ, ವಿನಾಯಿತಿ 1 ಲಕ್ಷ. 30% ತೆರಿಗೆ, ಅದರ ಮೇಲೆ ಸೆಸ್ ಸೇರಿಸಿದರೆ ಉಳಿಯೋದು 31,200 ರೂಪಾಯಿ. ತೆರಿಗೆ ಲೆಕ್ಕಕ್ಕೆ ಈಗ ಹಳೇದು, ಹೊಸದು ಅಂತ ಎರಡು ಪದ್ಧತಿ ಇವೆ, ಇದು ಹಳೇ ಪದ್ಧತಿಯಲ್ಲಿ ರಿಟರ್ನ್ ತುಂಬೋರಿಗೆ. ಹೊಸ ಪದ್ಧತಿಯಲ್ಲಿ 80ಜಿ ಇಲ್ಲವೇ ಇಲ್ಲ, ಮತ್ತು 2023-24ರಿಂದ ನೀವು ಬೇಡ ಅನ್ನದೇ ಇದ್ದರೆ ಹೊಸ ಪದ್ಧತಿಯೇ ತಾನಾಗಿ ಅನ್ವಯ.

ಕಾಕಾನ ವಿಷಯ ಇನ್ನೂ ಮಜಾ. ಅವರಿಗೆ ಬರೋದು ಎರಡು ಮನೆ ಬಾಡಿಗೆ, ಒಂದಿಷ್ಟು ಬ್ಯಾಂಕ್ ಬಡ್ಡಿ, ಎಲ್ಲ ಸೇರಿ 12 ಲಕ್ಷದ ಒಳಗೆ. 2025-26ರಿಂದ ಹೊಸ ಪದ್ಧತಿಯಲ್ಲಿ ಇಂಥ 12 ಲಕ್ಷದವರೆಗಿನ ಆದಾಯಕ್ಕೆ ರಿಬೇಟ್ ಕಳೆದು ತೆರಿಗೆ ಕಟ್ಟೋದೇ ಇಲ್ಲ. ನಾನು ಕ್ಯಾಲ್ಕುಲೇಟರ್ ಅವರ ಕಡೆ ತಿರುಗಿಸಿ ತೋರಿಸಿದೆ. ಕಾಕಾ ಕನ್ನಡಕ ಏರಿಸಿ ಆ ಸೊನ್ನೆಯನ್ನ ಬಹಳ ಹೊತ್ತು ನೋಡಿದರು. "ಅಂದ್ರ ಕಟ್ಟೋದೇ ಇಲ್ಲಂದ ಮ್ಯಾಗ ಉಳಸೋದೇನದ?" ಹೌದಲ್ವಾ. ಟ್ಯಾಕ್ಸ್ ಮಾತು ಅಲ್ಲಿಗೇ ಮುಗೀತು.

ಇದೇ ಜಾಗದಲ್ಲಿ ಇನ್ನೊಂದು ಹೇಳಿಬಿಡ್ತೀನಿ. ಸ್ವಂತಕ್ಕೆ ಓಡಿಸಿದ ಕಾರನ್ನ ಮಾರಿದರೆ ಕ್ಯಾಪಿಟಲ್ ಗೇನ್ಸ್ ತೆರಿಗೆ ಬರಲ್ಲ, ಅದು ಮನೆಬಳಕೆ ವಸ್ತು ಅಂತ ಲೆಕ್ಕ. ಆದರೆ ಗಾಡಿಯನ್ನ ಅಂಗಡಿ, ಕ್ಲಿನಿಕ್ಕು, ಕಂಪನಿ ಲೆಕ್ಕದಲ್ಲಿ ತೋರಿಸಿ ವರ್ಷವರ್ಷ ಬೆಲೆ ಇಳಿದ ಲೆಕ್ಕಕ್ಕೆ ಸವಕಳಿ ತಗೊಂಡಿದ್ದರೆ ಕಥೆ ಬೇರೆ. ಆಗ ಮಾರೋ ಮುಂಚೆ ನಿಮ್ಮ ಸಿಎ ಹತ್ತಿರ ಹೋಗಿ, ನಿಜವಾದ ಸಿಎ ಹತ್ತಿರ.

ಪುಣ್ಯ ಇನ್ನೂ ಉಳಿದಿತ್ತು. ಕಾಕಾ ಬಿಡಲಿಲ್ಲ. ಟ್ಯಾಕ್ಸ್ ಹೋಗ್ಲಿ, ಗಾಡಿಯಾದರೂ ಯಾರಿಗಾದರೂ ಉಪಯೋಗಕ್ಕೆ ಬರಲಿ ಅಂದರು. ಶರಣಬಸವೇಶ್ವರರ ದಾಸೋಹದ ಊರಲ್ಲಿ ಹುಟ್ಟಿ ಬೆಳೆದವರಿಗೆ ಕೊಡಬೇಕು ಅನ್ನಿಸೋದು ಸಹಜ. ಸೇಡಂ ರಸ್ತೆ ಕಡೆ ಒಂದು ಚಿಕ್ಕ ವೃದ್ಧಾಶ್ರಮ ಇದೆ, ಕಾಕಾ ಮೊದಲಿಂದ ಹೋಗಿ ಬಂದು ಮಾಡ್ತಾರೆ. ಇಬ್ಬರೂ ಅಲ್ಲಿಗೆ ಹೋದೆವು.

ಹೋಗೋ ಮುಂಚೆ ನಾನು ಗಾಡಿಯನ್ನ ಒಂದು ಸಲ ಪೂರ್ತಿ ನೋಡಿದೆ. ದಾನ ಕೊಟ್ಟ ಎಮ್ಮೆಯ ಹಲ್ಲು ಎಣಿಸಬಾರದು ಅಂತಾರೆ. ಗಾಡಿಯ ವಿಷಯದಲ್ಲಿ ಮಾತ್ರ ಕೊಡೋನೇ ಕೂತು ಹಲ್ಲು ಎಣಿಸಿ ಹೇಳಬೇಕು. ಕವರ್ ತೆಗೆದೆ. ಮುಂದಿನ ಗಾಜಿನ ಬುಡದಲ್ಲಿ, ವೈಪರ್ ಕೆಳಗೆ, ನೀರು ಹರಿದು ಹೋಗೋ ಕಿಂಡಿ ಇರುತ್ತೆ. ಅದರ ತುಂಬ ಬೇವಿನ ಎಲೆ ಕೊಳೆತು ಗೊಬ್ಬರ ಆಗಿತ್ತು. ಅದು ಕಟ್ಟಿಕೊಂಡರೆ ಮಳೆ ನೀರು ಒಳಗಿಳಿದು ಕಾಲಡಿಯ ಮ್ಯಾಟ್ ನೆನೆಯುತ್ತೆ, ಅಲ್ಲೆಲ್ಲೋ ಇರೋ ಎಲೆಕ್ಟ್ರಾನಿಕ್ ಪೆಟ್ಟಿಗೆಗೂ ಹೋಗುತ್ತೆ. ಬಾಗಿಲು ತೆಗೆದರೆ ಹಿಡಿಕೆಯ ರಬ್ಬರಿನಂಥ ಪ್ಲಾಸ್ಟಿಕ್ ನಮ್ಮ ಬಿಸಿಲಿಗೆ ಕರಗಿ ಬೆಲ್ಲದ ಪಾಕದಂತೆ ಬೆರಳಿಗೆ ಅಂಟಿತು. ಮೇಲಿನ ಚಾವಣಿ ಬಟ್ಟೆ ಜೋತು ಬಿದ್ದಿತ್ತು. ಟೈರ್ ನೋಡೋಕೆ ಚೆನ್ನಾಗಿಯೇ ಇತ್ತು, ಮೇಲಿನ ಗೀರು ಸವೆದಿರಲಿಲ್ಲ. ಪಕ್ಕದಲ್ಲಿ ನಾಲ್ಕು ಅಂಕಿ ಅಚ್ಚು ಹಾಕಿರುತ್ತಾರೆ, 2316 ಅಂತಿತ್ತು. 2016ರ 23ನೇ ವಾರದಲ್ಲಿ ತಯಾರಾದ ಟೈರು ಅಂತ ಅದರ ಅರ್ಥ. ನಿಂತಲ್ಲೇ ಗಟ್ಟಿಯಾಗಿದೆ, ಹೆದ್ದಾರಿಗೆ ತಗೊಂಡು ಹೋದರೆ ಒಡೆಯಬಹುದು. ಹಿಂದಿನ ಏರ್ ಸಸ್ಪೆನ್ಷನ್ ರಾತ್ರಿಯೆಲ್ಲ ಗಾಳಿ ಬಿಟ್ಟು ಬೆಳಿಗ್ಗೆ ಗಾಡಿ ಹಿಂಭಾಗ ಕುಳಿತುಬಿಟ್ಟಿರುತ್ತೆ. ಎರಡು ವರ್ಷದ ಹಿಂದೆ ಒಂದು ಕಡೆಯದನ್ನ ಬದಲಿಸೋಕೇ ಕಾಕಾ 70 ಸಾವಿರ ಕೊಟ್ಟಿದ್ದರು. ಆ ಪಾರ್ಟು ಹೈದರಾಬಾದಿನಿಂದ ಬರಬೇಕಿತ್ತು, ಗಾಡಿಯ ಕಂಪ್ಯೂಟರ್ ಓದೋ ಸ್ಕ್ಯಾನರ್ ಇಲ್ಲಿ ನಾವು ಕೇಳಿದ ಗ್ಯಾರೇಜಿನವರ ಹತ್ತಿರ ಇರಲಿಲ್ಲ.

ಈಗ ಇದನ್ನ ಒಂದು ಆಶ್ರಮಕ್ಕೆ ಕೊಟ್ಟರೆ ಏನಾಗುತ್ತೆ ನೋಡಿ. ಮೂರು ಸಾವಿರ ಸಿಸಿ ಗಾಡಿಗೆ ಬರೀ ಥರ್ಡ್ ಪಾರ್ಟಿ ಇನ್ಶೂರೆನ್ಸ್ ವರ್ಷಕ್ಕೆ 7,897 ರೂಪಾಯಿ. 1,500 ಸಿಸಿ ದಾಟಿದ ಕಾರುಗಳಿಗೆ 2022ರ ಜೂನ್‌ನಲ್ಲಿ ಹಾಕಿದ ದರ ಅದು, ಜಿಎಸ್‌ಟಿ ಬೇರೆ. 15 ವರ್ಷ ತುಂಬಿದ ಮೇಲೆ ಆರ್‌ಟಿಓಗೆ ಗಾಡಿ ತೋರಿಸಿ ಆರ್‌ಸಿ, ಅಂದರೆ ನೋಂದಣಿ ಪತ್ರ, ನವೀಕರಿಸಬೇಕು. ಆ ಫೀಸು 2022ರ ಏಪ್ರಿಲ್‌ನಲ್ಲಿ 600 ಇದ್ದದ್ದು 5,000 ಆಯಿತು. ನವೀಕರಣ ಐದೈದು ವರ್ಷಕ್ಕೆ, ಜೊತೆಗೆ ಹಸಿರು ತೆರಿಗೆ. ಡ್ರೈವರ್ ಸಂಬಳ, ಡೀಸೆಲ್ಲು, ನಾಲ್ಕು ಟೈರು. ಇಷ್ಟೆಲ್ಲ ಮಾಡಿ ಆ ಗಾಡಿ ಮಾಡೋ ಕೆಲಸವಾದರೂ ಏನು? ಮೊಣಕಾಲು ನೋವಿನ ಕಾಕಾಗೇ ಹತ್ತಿ ಇಳಿಯೋಕೆ ಆಗದ ಗಾಡಿಗೆ ಎಂಬತ್ತು ವರ್ಷದ ಅಜ್ಜಿಯನ್ನ ಹೇಗೆ ಕೂರಿಸ್ತೀರಿ? ಜೋಳದ ಚೀಲ ಹಾಕೋಣ ಅಂದರೆ ಡಿಕ್ಕಿಯಲ್ಲಿ ಎರಡು ಹಿಡಿದರೆ ಜಾಸ್ತಿ. ಅವರಿಗೆ ಬೇಕಾದದ್ದು ಒಂದು ಸೆಕೆಂಡ್‌ಹ್ಯಾಂಡ್ ವ್ಯಾನು. ಸೆಡಾನನ್ನ ಆಂಬುಲೆನ್ಸ್ ಮಾಡಿಸೋಣ ಅಂತ ಒಬ್ಬರು ಸಲಹೆ ಕೊಟ್ಟರು. ಆಂಬುಲೆನ್ಸಿಗೆ ಅದರದ್ದೇ ಅಳತೆ, ಅದರದ್ದೇ ಮಾನದಂಡ ಇದೆ. ಬಿಳಿ ಬಣ್ಣ ಬಳಿದು ಮೇಲೊಂದು ಲೈಟ್ ಹಾಕಿದರೆ ಆಗೋದಿಲ್ಲ.

ಆಶ್ರಮದ ಮ್ಯಾನೇಜರ್ ಚಹಾ ಕೊಟ್ಟು ಎಲ್ಲ ಕೇಳಿಸಿಕೊಂಡರು. ದೊಡ್ಡವರು ಕೊಡ್ತೀನಿ ಅಂದಾಗ ಬೇಡ ಅನ್ನೋದು ಅವರಿಗೂ ಕಷ್ಟ. ನಾನೇ ಬಾಯಿಬಿಟ್ಟು ಕೇಳಿದೆ, ನಿಮಗೆ ನಿಜವಾಗಿ ಏನು ಬೇಕು ಹೇಳಿ ಅಂತ. "ಸಾಹೇಬ್ರ, ತಪ್ಪು ತಿಳ್ಕೋಬ್ಯಾಡ್ರಿ. ಮ್ಯಾಲಿನ ಸೋಲಾರ್ ಹಾಳಾಗಿ ವರ್ಷ ಆಯ್ತು. ಛಳಿಗಾಲ್ದಾಗ ಮುದುಕರಿಗಿ ಕಟಗಿ ಹಚ್ಚಿ ನೀರ್ ಕಾಸ್ತೀವಿ." ಈ ಒಂದು ಪ್ರಶ್ನೆ ಎರಡು ತಿಂಗಳ ಮುಂಚೆಯೇ ಕೇಳಿದ್ದರೆ ನನ್ನ ಪೆಟ್ರೋಲ್ ಉಳೀತಿತ್ತು.

ಹಾಗಂತ ಗಾಡಿಯನ್ನ ಗಾಡಿಯಾಗೇ ಕೊಡೋದು ಯಾವಾಗಲೂ ತಪ್ಪು ಅಂತ ಹೇಳ್ತಿಲ್ಲ. ಎಂಟ್ಹತ್ತು ವರ್ಷದ, ಓಡ್ತಾ ಇರೋ, ಪಾರ್ಟು ಎಲ್ಲೆಂದರಲ್ಲಿ ಸಿಗೋ ಗಾಡಿಯಾಗಿದ್ದು, ತಗೊಳ್ಳೋ ಸಂಸ್ಥೆಗೆ ಡ್ರೈವರ್ ಇದ್ದರೆ ಸಂತೋಷವಾಗಿ ಕೊಡಿ. ಇನ್ನೊಂದು ಜಾಗ ಐಟಿಐ, ಪಾಲಿಟೆಕ್ನಿಕ್. ಮೋಟಾರ್ ಮೆಕ್ಯಾನಿಕ್ ಕಲಿಯೋ ಹುಡುಗರಿಗೆ ಎಬಿಎಸ್, ಏರ್‌ಬ್ಯಾಗ್, ಸೆನ್ಸರ್ ಎಲ್ಲ ಇರೋ ಇಂಥ ಗಾಡಿ ಬಿಚ್ಚಿ ಜೋಡಿಸೋಕೆ ಸಿಗೋದು ಅಪರೂಪ. ಕಾಕಾನ ಗಾಡಿಯ ದೋಷಗಳೇ ಅಲ್ಲಿ ಪಾಠ ಆಗ್ತಿದ್ದವು. ನನಗೆ ಇದೇ ಬಹಳ ಇಷ್ಟವಾಗಿತ್ತು. ಸರ್ಕಾರಿ ಸಂಸ್ಥೆಯಾದರೆ ಮೇಲಿನಿಂದ ಅನುಮತಿ ಬರಬೇಕು, ಕಾಗದ ಓಡಾಡಬೇಕು. ಕಾಕಾಗೆ ಅಷ್ಟು ತಾಳ್ಮೆ ಇರಲಿಲ್ಲ.

ಗುಜರಿಗೆ ಹಾಕೋ ಮಾತೂ ಬಂತು. ಕಾಲೊನಿಯಲ್ಲಿ ಒಬ್ಬರು, "ಡೀಸೆಲ್ ಗಾಡಿ ಹತ್ ವರ್ಷಕ್ಕ ಮುಗೀತು, ಪೊಲೀಸ್ರು ಎತ್ಕೊಂಡ್ ಹೋಗ್ತಾರ" ಅಂತ ಹೆದರಿಸಿಬಿಟ್ಟಿದ್ದರು. ಆ ಹತ್ತು ವರ್ಷ, ಹದಿನೈದು ವರ್ಷದ ಗದ್ದಲ ದೆಹಲಿ ಮತ್ತು ಅದರ ಸುತ್ತಲಿನ ಎನ್‌ಸಿಆರ್‌ದು. ಕಲಬುರಗಿಗೆ ಸಂಬಂಧ ಇಲ್ಲ. ಇಲ್ಲಿ ಗಾಡಿ ತಪಾಸಣೆಯಲ್ಲಿ ಪಾಸಾಗಿ ಆರ್‌ಸಿ ನವೀಕರಣ ಆದರೆ ಓಡಿಸಬಹುದು. ನಿಜವಾಗಿ ಮುಗಿದ ಗಾಡಿಯಾದರೆ ರಸ್ತೆ ಬದಿಯ ಗುಜರಿಯವನಿಗೆ ಕೊಡಬೇಡಿ. 2021ರ ನಿಯಮದ ಪ್ರಕಾರ ನೋಂದಣಿ ಆಗಿರೋ ಸ್ಕ್ರ್ಯಾಪಿಂಗ್ ಕೇಂದ್ರಕ್ಕೇ ಕೊಡಿ. ಗಾಡಿ ಗುಜರಿಗೆ ಒಪ್ಪಿಸಿದ್ದಕ್ಕೆ ಅವರು ಸರ್ಟಿಫಿಕೇಟ್ ಆಫ್ ಡೆಪಾಸಿಟ್ ಅನ್ನೋ ಪತ್ರ ಕೊಡ್ತಾರೆ. ಮುಂದೆ ಹೊಸ ಕಾರು ತಗೊಂಡರೆ ಅದನ್ನ ತೋರಿಸಿ ರಸ್ತೆ ತೆರಿಗೆಯಲ್ಲಿ ರಿಯಾಯಿತಿ ಕೇಳಬಹುದು, ಸ್ವಂತ ಗಾಡಿಗೆ 25%ವರೆಗೆ ಕೊಡಬಹುದು ಅಂತ ಕೇಂದ್ರದ ನಿಯಮ ಇದೆ. ಗುಜರಿ ದುಡ್ಡನ್ನೂ ದಾನ ಮಾಡಬಹುದು, ಅದಕ್ಕೇನು.

ಈಗ ಎಲ್ಲಕ್ಕಿಂತ ಮುಖ್ಯವಾದ ಮಾತು. ಮಾರಿ, ದಾನ ಮಾಡಿ, ಸುಮ್ನೆ ಕೊಟ್ಟುಬಿಡಿ, ಏನೇ ಮಾಡಿದರೂ ಆರ್‌ಸಿಯಲ್ಲಿ ಹೆಸರು ಬದಲಾಗೋವರೆಗೆ ಗಾಡಿ ನಿಮ್ಮದೇ. ನಮ್ಮ ಕಡೆ ಒಂದು ಕೆಟ್ಟ ರೂಢಿ ಇದೆ. ಹೆಸರು ಬದಲಿಸೋಕೆ ಬೇಕಾದ ಫಾರ್ಮ್ 29, ಫಾರ್ಮ್ 30ಕ್ಕೆ ಖಾಲಿ ಇರುವಾಗಲೇ ಸಹಿ ಹಾಕಿ, ಕೀ ಕೊಟ್ಟು, ಕೈ ತೊಳೆದುಕೊಳ್ಳೋದು. ಆ ಫಾರ್ಮು ತುಂಬದೇ ಗಾಡಿ ಒಬ್ಬರಿಂದ ಇನ್ನೊಬ್ಬರಿಗೆ, ಹುಮನಾಬಾದಿನಿಂದ ಜಹೀರಾಬಾದಿಗೆ, ಅಲ್ಲಿಂದ ಇನ್ನೆಲ್ಲಿಗೋ ಹೋಗ್ತಾ ಇರುತ್ತೆ. ಇಂಥದೇ ಒಂದು ಕೇಸು ಸುಪ್ರೀಂ ಕೋರ್ಟಿಗೆ ಹೋಗಿತ್ತು. ಕಾರು ಕೈಯಿಂದ ಕೈಗೆ ಹಲವರಿಗೆ ದಾಟಿತ್ತು, ಅಪಘಾತ ಆಯಿತು, ಆರ್‌ಸಿಯಲ್ಲಿ ಮಾತ್ರ ಮೊದಲು ಮಾರಿದವನ ಹೆಸರೇ ಇತ್ತು. ಆರ್‌ಸಿಯಲ್ಲಿ ಹೆಸರಿದ್ದವನೇ ಮಾಲೀಕ, ಪರಿಹಾರದ ಹೊಣೆ ಅವನದೇ ಅಂತ 2018ರ ಫೆಬ್ರವರಿಯಲ್ಲಿ ಕೋರ್ಟ್ ಹೇಳಿತು. ದಾನ ಕೊಟ್ಟವನಿಗೂ ಇದೇ ಕಾನೂನು. ನೀವು ಪುಣ್ಯಕ್ಕೆ ಕೊಟ್ಟ ಗಾಡಿಯನ್ನ ಆಶ್ರಮದ ಡ್ರೈವರ್ ಇನ್ಶೂರೆನ್ಸ್ ಇಲ್ಲದೇ ಯಾರಿಗೋ ಹೊಡೆದರೆ, ನೋಟಿಸು ಬರೋದು ನಿಮ್ಮ ಮನೆಗೆ.

ಮೋಟಾರು ವಾಹನ ಕಾಯ್ದೆಯ 50ನೇ ಸೆಕ್ಷನ್ ಪ್ರಕಾರ ಕೊಟ್ಟವನು 14 ದಿನದ ಒಳಗೆ ಆರ್‌ಟಿಓಗೆ ತಿಳಿಸಬೇಕು, ತಗೊಂಡವನು 30 ದಿನದ ಒಳಗೆ. ತೆಲಂಗಾಣ ಅಥವಾ ಮಹಾರಾಷ್ಟ್ರದವರಿಗೆ ಕೊಟ್ಟರೆ ಫಾರ್ಮ್ 28ರಲ್ಲಿ ಎನ್‌ಒಸಿ, ಅಂದರೆ ಆಕ್ಷೇಪಣೆ ಇಲ್ಲ ಅನ್ನೋ ಪತ್ರವೂ ಬೇಕು, ಆಗ ಕೊಟ್ಟವನಿಗೆ 45 ದಿನ. ಬೀದರಿನಿಂದ ಹೈದರಾಬಾದ್ ಹತ್ತಿರ ಅಂತ ಬಹಳ ಜನ ಅಲ್ಲಿನ ಡೀಲರಿಗೆ ಕೊಡ್ತಾರೆ. 2023ರ ಏಪ್ರಿಲ್‌ನಿಂದ ಅಧಿಕೃತ ಡೀಲರಿಗೆ ಗಾಡಿ ಒಪ್ಪಿಸಿದ್ದನ್ನ ಆನ್‌ಲೈನಲ್ಲಿ ಫಾರ್ಮ್ 29ಸಿ ಮೂಲಕ ತಿಳಿಸೋ ಸೌಲಭ್ಯ ಬಂದಿದೆ, ಅಲ್ಲಿಂದ ಜವಾಬ್ದಾರಿ ಡೀಲರಿಂದು. ಡೀಲರ್ ಅದನ್ನ ಮಾಡಲ್ಲ ಅಂದರೆ ಗಾಡಿ ಕೊಡಬೇಡಿ.

ಟ್ರಸ್ಟಿಗೆ ಗಾಡಿಯನ್ನೇ ಕೊಡೋದಾದರೆ ಅವರ ಕಡೆಯಿಂದ ಟ್ರಸ್ಟ್ ಡೀಡ್ ನಕಲು, ಪ್ಯಾನ್, ವಿಳಾಸದ ದಾಖಲೆ, "ಈ ಗಾಡಿ ಸ್ವೀಕರಿಸಲು ಒಪ್ಪಿದ್ದೇವೆ, ಇಂಥವರು ಸಹಿ ಮಾಡ್ತಾರೆ" ಅನ್ನೋ ಠರಾವು ಕೇಳಿ. ನಿಮ್ಮ ಪತ್ರದಲ್ಲಿ "ಬೇಕಿದ್ದರೆ ಮಾರಿ ದುಡ್ಡು ಬಳಸಬಹುದು" ಅಂತ ಒಂದು ಸಾಲು ಬರೆಯಿರಿ, ಇಲ್ಲದಿದ್ದರೆ ನಿಮ್ಮ ಮುಲಾಜಿಗೆ ಅವರು ಅದನ್ನ ಹತ್ತು ವರ್ಷ ತೊಳೀತಾ ಕೂರ್ತಾರೆ. ಕೀ ಕೊಟ್ಟ ದಿನ, ಗಂಟೆ, ಕಿಲೋಮೀಟರ್ ಬರೆದು ಸಹಿ ತಗೊಳ್ಳಿ. ಫಾಸ್ಟ್ಯಾಗ್ ಬಂದ್ ಮಾಡಿಸಿ. ಕ್ಲೇಮ್ ಮಾಡದೇ ಇದ್ದದ್ದಕ್ಕೆ ಇನ್ಶೂರೆನ್ಸಿನಲ್ಲಿ ಸಿಗೋ ರಿಯಾಯಿತಿ, ನೋ ಕ್ಲೇಮ್ ಬೋನಸ್, ಗಾಡಿ ಜೊತೆ ಹೋಗಲ್ಲ, ಅದು ನಿಮ್ಮದು. ಮುಂದೆ ಬೇರೆ ಕಾರು ತಗೊಳ್ಳೋ ಯೋಚನೆ ಇದ್ದರೆ ಪತ್ರ ಮಾಡಿಸಿ ಇಟ್ಟುಕೊಳ್ಳಿ.

ಕಾಕಾನ ಕಾಗದದಲ್ಲಿ ಒಂದು ಮುಳ್ಳಿತ್ತು. ಸಾಲ 2016ರಲ್ಲೇ ತೀರಿತ್ತು, ಆದರೆ ಆರ್‌ಸಿಯಲ್ಲಿ ಬ್ಯಾಂಕಿನ ಹೆಸರು ಹಾಗೇ ಕೂತಿತ್ತು. ಸಾಲ ತೀರಿದರೆ ಅದು ತಾನಾಗಿ ಹೋಗಲ್ಲ. ಬ್ಯಾಂಕಿನ ಎನ್‌ಒಸಿ ಮತ್ತು ಫಾರ್ಮ್ 35 ಕೊಟ್ಟು ತೆಗೆಸಬೇಕು. ಹತ್ತು ವರ್ಷದ ಹಿಂದಿನ ಎನ್‌ಒಸಿ ನಡೆಯಲ್ಲ ಅಂದರು, ಹೊಸದಕ್ಕೆ ಬ್ಯಾಂಕಿಗೆ ನಾಲ್ಕು ಸಲ ಹೋದೆ. ನಿಮ್ಮ ಆರ್‌ಸಿಯನ್ನ ಇವತ್ತೇ ತೆಗೆದು ನೋಡಿ. ಗಾಡಿ ಕೊಡಲ್ಲ ಅಂದರೂ ನೋಡಿ.

ಕೊನೆಗೆ ಬೀದರಿನ ಒಬ್ಬ ಗ್ಯಾರೇಜಿನವರು ಬಂದರು. ಇದೇ ಜಾತಿಯ ಗಾಡಿಗಳನ್ನ ರಿಪೇರಿ ಮಾಡೋರು, ಸ್ವಂತ ಸ್ಕ್ಯಾನರ್ ಇದೆ. ಬಾನೆಟ್ ಎತ್ತಿ, ಕೆಳಗೆ ಮಲಗಿ ನೋಡಿ, ಎರಡು ಲಕ್ಷ ಅಂದರು. ಕಾಕಾ ಚೌಕಾಸಿ ಮಾಡಲಿಲ್ಲ. ಆರ್‌ಟಿಓ ಏಜೆಂಟ್ ಬಂದು ಚಾಸಿ ನಂಬರ್ ಮೇಲೆ ಟೇಪ್ ಅಂಟಿಸಿ, ಪೆನ್ಸಿಲ್ ತಿಕ್ಕಿ ಪ್ರಿಂಟ್ ತೆಗೆದ. ಮೊದಲನೆಯದು ಮಸುಕಾಯಿತು, ಇನ್ನೊಂದು ತೆಗೆದ. ಮಸುಕಾದದ್ದನ್ನ ಕಾಕಾ ಮಡಚಿ ಜೇಬಿಗೆ ಹಾಕಿಕೊಂಡರು. ದುಡ್ಡು ಖಾತೆಗೆ ಬಂದ ದಿನವೇ ಆಶ್ರಮದ ಟ್ರಸ್ಟಿನ ಹೆಸರಿಗೆ ಚೆಕ್ ಬರೆದರು. 80ಜಿ ಬೇಕಿರಲಿಲ್ಲ, ಆದರೂ ರಸೀದಿ ತಗೊಂಡರು, ಅದು ಅವರ ಸ್ವಭಾವ. ಸೋಲಾರ್‌ಗೆ ಸಾಕಾಗಿ, ಒಂದು ವಾಷಿಂಗ್ ಮಷೀನಿಗೂ ಆಯಿತು.

ಗಾಡಿಗೆ ಎರಡು ಕೀ ಇದ್ದವು. ಕಾಕಾ ಒಂದನ್ನೇ ಕೊಟ್ಟಿದ್ದರು. ಇಂಥ ಗಾಡಿಗೆ ಇನ್ನೊಂದು ಕೀ ಮಾಡಿಸೋದು ಅಂದರೆ ದೊಡ್ಡ ಖರ್ಚು, ಗ್ಯಾರೇಜಿನವರು ಎರಡು ಸಲ ಫೋನ್ ಮಾಡಿ ಕೇಳಿದರು. "ಹೆಸರು ಬದಲಾಗ್ಲಿ, ಕಳಸ್ತೀನಿ" ಅಂತಷ್ಟೇ ಉತ್ತರ. ಇಪ್ಪತ್ತಾರನೇ ದಿನ ನಾನು ಮೊಬೈಲಲ್ಲಿ ನಂಬರ್ ಹಾಕಿ ನೋಡಿದೆ, ಮಾಲೀಕರ ಹೆಸರು ಬದಲಾಗಿತ್ತು. ಕಾಕಾ ಕನ್ನಡಕ ಏರಿಸಿ ತಾವೇ ಒಂದು ಸಲ ಓದಿಕೊಂಡರು. ಆಮೇಲೆ ಕೀಯನ್ನ ಹಳೇ ಚಹಾಪುಡಿ ಡಬ್ಬಿಗೆ ಹಾಕಿ, ಸುತ್ತ ಟೇಪ್ ಸುತ್ತಿ, ಸಂಜೆಯ ಬೀದರ್ ಬಸ್ಸಿಗೆ ಪಾರ್ಸೆಲ್ ಹಾಕಿ ಬಾ ಅಂತ ನನ್ನ ಕೈಗೆ ಕೊಟ್ಟರು.